ಉಡಿಗೆ ಬೇಡವಾದ ಖಣ

ಹನ್ನೆರಡು ರೂಪಾಯಿಯ ವ್ಯಾಪಾರವದು. ಕನ್ನಡ ನಾಡು ಒಂದಾದ ವರ್ಷ, ಶಿರಹಟ್ಟಿಯ ಮನೆಯೊಂದರಲ್ಲಿ ಸೊಸೆಯಂದಿರ ಉಡಿ ತುಂಬಲು, ಬಟ್ಟೆಯ ಗಂಟು ಹೊತ್ತು ಮಾರುವ ನನ್ನ ಹತ್ತಿರ ಕುಪ್ಪಸದ ಖಣ ಕೇಳಿದ್ದರು. ಆರು ಸೊಸೆಯರೆಂದು ಆರು ತೆಗೆದಿಟ್ಟೆ. ಕಿರಿಯಳು ಅಂಡಾಶಯದ ಕ್ಯಾನ್ಸರಿಗೆ ಮಿರಜದಲ್ಲಿ ಆಪರೇಶನ್ ಮಾಡಿಸಿಕೊಂಡು ಬಂದಿದ್ದಳು.

“ಐದು ಸಾಕ್ರಿ. ಸಣ್ಣಾಕಿ ಇನ್ನ ಹಡಿಯಂಗಿಲ್ಲ, ಆಕಿಗ್ಯಾತಕ್ಕ ಉಡಿ?” ಎಂದರು ಅತ್ತೆ.

ಗಿರಾಕಿ ಕೈತಪ್ಪೀತೆಂದು “ಖರೆ ಐತ್ರಿ ಅವ್ವಾರ” ಎಂದು ಒಂದನ್ನು ಗಂಟಿಗೆ ಹಾಕಿದೆ.

ಬಾಗಿಲಲ್ಲಿದ್ದ ಕಿರಿಯಳು ಅಂದಳು: “ಸಾವಕಾರ್ರ, ಔಷಧ ಎಲ್ಲಾ ಕೊಡಸ್ಯಾರ್ರಿ. ತಮ್ಮ ಜೋಡಿ ಕುಂಡ್ರಸ್ಕೊಳ್ಳೂದು ಬಿಟ್ಟಾರ. ಅದನ್ನ ನಂಗ ಮಾರ್ರಿ, ನಾನ ತುಂಬ್ಕೋತೀನಿ.”

ಸುಮ್ಮನೆ ಕೊಡಬಹುದಿತ್ತು. ರೂಢಿಬಿದ್ದ ಬಾಯಿ “ಎರಡು ರೂಪಾಯಿ” ಎಂದುಬಿಟ್ಟಿತು. ಆಕೆ ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ತಲೆ ಎತ್ತಲಾಗದೆ ಎಣಿಸಿಕೊಂಡೆ.

ಒಟ್ಟು ಲಾಭ ಮೂರು ರೂಪಾಯಿ. ಅದರಲ್ಲಿ ಎಂಟಾಣೆ ಆಕೆಯದು.