ಗುರವ್ವ ತಿಕ್ಕಿದ ಇಕ್ಕಳ

ಗಂಡ ಬಸಂತರಾಯ ತೀರಿದ ಮೇಲೆ ಗುರವ್ವ ಕೂತಲ್ಲಿ ಕೂರಲಿಲ್ಲ. ಎದ್ದು ಬಾಗಿಲಿಗೆ ಹೋಗುವಳು, ಯಾರೂ ಇಲ್ಲವೆಂದು ತಿರುಗುವಳು. ಗುಡಿಸಿದ್ದನ್ನೇ ಗುಡಿಸುವಳು. ಸಿಂದಗಿಯ ಆ ಹಳೆಯ ವಾಡೆಯಲ್ಲಿ ಮೂವತ್ತು ವರ್ಷ ಬಾಳಿದವಳಿಗೆ ನಾಲ್ಕು ತಿಂಗಳಿಂದ ಯಾವ ಕೋಣೆಯೂ ಒಗ್ಗುತ್ತಿರಲಿಲ್ಲ.

ಪಡಸಾಲೆಯಲ್ಲಿ ಹಿತ್ತಾಳೆಯ ಅಗ್ಗಿಷ್ಟಿಕೆ ಇತ್ತು. ಸಿಂಹದ ಕಾಲು, ಜಾಲರಿ ಮುಚ್ಚಳ. ಜೊತೆಗೆ ಬೂದಿ ಎತ್ತುವ ಸೌಟು, ನವಿಲು ಹಿಡಿಕೆಯ ಇಕ್ಕಳ. ಎಲ್ಲ ಬಸಂತರಾಯನ ಅಜ್ಜನ ಕಾಲದ್ದು. ಚಳಿ ಬಿದ್ದರೆ ಅವನು ಅದರ ಮುಂದೆಯೇ. ಇದ್ದಿಲು ಮುಟ್ಟಿದ ಕೈಯಲ್ಲೇ ಇಕ್ಕಳ ಹಿಡಿದು ಹಿಡಿದು, ನವಿಲಿನ ಕುತ್ತಿಗೆಯ ಮೇಲೆ ಅವನ ಬೆರಳಿನ ಗುರುತುಗಳು ಕಪ್ಪಗೆ ಮೂಡಿದ್ದವು. ಗುರವ್ವ ಅದನ್ನು ತಿಕ್ಕಲು ಹುಣಸೆಹಣ್ಣು ತಂದರೆ, "ಅದನ್ನ ಮುಟ್ಟಬ್ಯಾಡ, ಕೈ ಜಾರ್ತೈತಿ" ಎನ್ನುತ್ತಿದ್ದ.

ಎಪ್ಪತ್ನಾಲ್ಕರ ಚಳಿಗಾಲದಲ್ಲಿ ಮೈದುನ ಮಡಿವಾಳಪ್ಪ ಸೊಲ್ಲಾಪುರದ ಹಳೆ ಸಾಮಾನಿನ ವ್ಯಾಪಾರಿ ಜೈನುದ್ದೀನನನ್ನು ಕರೆತಂದ.

"ಮುಂಬೈ ಬಂಗಲೇದವ್ರಿಗೆ ಬೇಕಾಗೈತ್ರಿ," ಎಂದ ಜೈನುದ್ದೀನ. "ಗ್ವಾಡ್ಯಾಗ ಒಲಿ ಇರ್ತೈತಿ, ಅದರ ಮುಂದ ಇಡ್ತಾರ."

"ಅಲ್ಲಿ ಥಂಡಿ ಬಾಳ ಏನ?" ಗುರವ್ವ ಕೇಳಿದಳು.

"ಎಲ್ಲೀ ಥಂಡಿರಿ. ಒಲಿ ಹಚ್ಚೂದ ಇಲ್ಲ. ನೋಡಾಕ ಅಷ್ಟ."

"ಒಯ್ಯಿರಿ. ಇಕ್ಕಳ ಮಾತ್ರ ನನಗಿರ್ಲಿ."

ಮಡಿವಾಳಪ್ಪ ನಕ್ಕ. "ಬರೇ ಇಕ್ಕಳ ಇಟ್ಕೊಂಡು ಏನ್ ಹಿಡೀತೀರಿ ವೈನಿ?"

"ನಿನ್ನ ನಾಲಿಗಿ ಹಿಡೀತೇನಿ."

ಜೈನುದ್ದೀನನೂ ನಕ್ಕ. ಇಕ್ಕಳ ಬಿಟ್ಟು ಉಳಿದದ್ದನ್ನು ಮರುದಿನ ಒಯ್ಯುತ್ತೇನೆಂದು ಹೋದ.

ಮನೆಯಿಂದ ಹೊರಗೆ ಹೋಗುವ ಪಾತ್ರೆಯನ್ನು ತಿಕ್ಕದೆ ಕೊಡುವ ರೂಢಿ ಆ ಮನೆಯಲ್ಲಿರಲಿಲ್ಲ. ಬೆಳಿಗ್ಗೆ ಗುರವ್ವ ಎಲ್ಲವನ್ನೂ ಬಾವಿಕಟ್ಟೆಗೆ ಹೊತ್ತಳು. ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಅಗ್ಗಿಷ್ಟಿಕೆ ತಿಕ್ಕಿದಳು, ಮುಚ್ಚಳ ತಿಕ್ಕಿದಳು, ಸೌಟು ತಿಕ್ಕಿದಳು. ಕೈ ಬಿಡುವಿಲ್ಲದೆ ಓಡುತ್ತಿತ್ತು, ಮನಸ್ಸು ಎಲ್ಲೋ ಇತ್ತು. ನೀರು ಸುರಿದಾಗ ನೋಡಿದಳು. ಕೈಯಲ್ಲಿ ಇಕ್ಕಳ. ನವಿಲಿನ ಕುತ್ತಿಗೆ ಬಂಗಾರದಂತೆ ಹೊಳೆಯುತ್ತಿತ್ತು.

ಕೆಳಗೆ ಕಪ್ಪು ನೀರು ಬಚ್ಚಲ ಕಡೆ ಹರಿಯಿತು. ಅವಳು ಅದಕ್ಕೆ ಕೈ ಅಡ್ಡ ಹಿಡಿದಳು. ನಿಲ್ಲಲಿಲ್ಲ.

ಜೈನುದ್ದೀನ ಬಂದವನು ಸಾಮಾನು ನೋಡಿ ಹಣೆಗೆ ಕೈ ಹಚ್ಚಿದ. "ಏನ್ ಮಾಡಿದ್ರಿ ಅವ್ವಾರ? ನೂರು ವರ್ಷದ ಬಣ್ಣ ತೊಳದ್ರಿ. ಇದನ್ನ ಯಾರು ಹಳೇದಂತಾರ?"

"ಹೊಲಸ ಕೊಡಾಕ ಬರ್ತೈತೇನ?" ಎಂದಳು. ದನಿ ಗಟ್ಟಿಯಿರಲಿಲ್ಲ.

ಅವನು ಬರಿಗೈಲಿ ಹೋದ.

"ಆತಲ್ಲ ವೈನಿ," ಎಂದ ಮಡಿವಾಳಪ್ಪ. "ಇಕ್ಕಳ ಕೇಳಿದ್ರಿ, ಎಲ್ಲಾನೂ ನಿಮಗ ಉಳೀತು."

ಗುರವ್ವ ಅಂದೇ ಅಗ್ಗಿಷ್ಟಿಕೆಗೆ ಕೆಂಡ ಹಾಕಿದಳು. ಇದ್ದಿಲನ್ನು ಅಂಗೈಗೆ ಉಜ್ಜಿಕೊಂಡು ಇಕ್ಕಳ ಹಿಡಿದಳು. ಗಂಡನ ಹಾಗೆ ಹಿಡಿಯಲು ನೋಡಿದಳು. ಅವನ ಕಿರುಬೆರಳು ಎಲ್ಲಿ ಬರುತ್ತಿತ್ತು? ನೆನಪಾಗಲಿಲ್ಲ. ಮೂವತ್ತು ವರ್ಷ ಎದುರಿಗೇ ಕೂತಿದ್ದಳು.

ಶಿವರಾತ್ರಿಯ ತನಕ ದಿನಾ ಹಿಡಿದಳು. ನವಿಲಿನ ಕುತ್ತಿಗೆಗೆ ಕಪ್ಪೇನೋ ಬಂತು. ಎಲ್ಲ ಕಡೆಗೂ ಒಂದೇ ಸಮ ಬಂತು.