ಅವ್ವನ ಗಾಯ ಮಾಯದ ದಿನಗಳು

ಕರುಳು ತೂತಾಗಿ ಅವ್ವನಿಗೆ ರಾಯಚೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ವಾರ ಕಳೆದರೂ ಹೊಟ್ಟೆಯ ಗಾಯ ಮಾಯಲಿಲ್ಲ. ದಿನಾ ಪಟ್ಟಿ ಬಿಚ್ಚಿದರೆ ಕೀವು. ದೇವದುರ್ಗದ ಶಾಲೆಗೆ ರಜೆ ಹಾಕಿ ನಾನು ಅವಳ ಮಂಚದ ಪಕ್ಕ ಕೂತಿದ್ದೆ. ನಾನು ವಿಜ್ಞಾನದ ಟೀಚರು, ಎಲ್ಲ ಗೊತ್ತು ಎಂಬ ಜಂಬ ಬೇರೆ.

ಡಾಕ್ಟರು ಒಂದು ನರದ ಬಗ್ಗೆ ಹೇಳಿದರು. ಹೆಸರು ವೇಗಸ್. ಮಿದುಳಿನಿಂದ ಹೊರಟು, ಕುತ್ತಿಗೆಯಲ್ಲಿ ಇಳಿದು, ಹೃದಯ ಮುಟ್ಟಿ ಹೊಟ್ಟೆಗೆ ಹೋಗುತ್ತದಂತೆ. ಗಾಯವಾದಾಗ ಮೈ ಉರಿಯೂತ ಎಬ್ಬಿಸುವುದು ಒಳ್ಳೆಯದಕ್ಕೇ, ಆದರೆ ಅದಕ್ಕೆ ಸಾಕು ಎಂದು ಹೇಳುವವರು ಬೇಕು. ಹಾಗೆ ಹೇಳುವವುಗಳಲ್ಲಿ ಈ ನರವೂ ಒಂದು. ಮನುಷ್ಯ ಸದಾ ಹೆದರಿಕೊಂಡಿದ್ದರೆ ಅದರ ಕೆಲಸ ಕುಗ್ಗುತ್ತದೆ. ಇದೆಲ್ಲ ಇನ್ನೂ ಪೂರ್ತಿ ತಿಳಿದಿಲ್ಲ, ಔಷಧಿ ಔಷಧಿಯೇ, ಆದರೂ ನಿಮ್ಮ ತಾಯಿ ನೆಮ್ಮದಿಯಿಂದ ಇರಲಿ, ನಿಧಾನವಾಗಿ ಉಸಿರು ಬಿಡುವುದನ್ನು ಹೇಳಿಕೊಡಿ ಅಂದರು.

ಎರಡು ದಿನಕ್ಕೆ ಅವ್ವನ ತವರೂರು ಚೀಕಲಪರ್ವಿಯಲ್ಲಿ ಅವಳ ಒಬ್ಬನೇ ತಮ್ಮ, ನನ್ನ ಸೋದರಮಾವ, ಎದೆನೋವು ಬಂದು ತೀರಿಕೊಂಡ. ಅವ್ವನಿಗೆ ಹೇಳಬಾರದು ಎಂದು ತೀರ್ಮಾನಿಸಿದವಳು ನಾನೇ. ನರದ ಕಥೆ ಕೇಳಿದ್ದೆನಲ್ಲ, ಅವಳ ನೆಮ್ಮದಿಯ ಗುತ್ತಿಗೆ ಹಿಡಿದವಳಂತೆ ಆಡಿದೆ. ಮಾತಾಡಿಸಲು ಬಂದ ನೆಂಟರನ್ನು ಮೆಟ್ಟಿಲ ಹತ್ತಿರವೇ ತಡೆದು ಪಾಠ ಹೇಳಿಕೊಟ್ಟೆ. ಮಾವನ ಮೊಣಕಾಲು ಬಾತಿದೆ, ಅದಕ್ಕೇ ಬಂದಿಲ್ಲ ಅನ್ನಬೇಕು. ಅವರು ಮೋಸಂಬಿ ಚೀಲ ಹಿಡಿದು ಒಳಗೆ ಹೋಗಿ ಹಾಗೇ ಅಂದರು. ಆದರೆ ಅತ್ತು ಕೆಂಪಾದ ಕಣ್ಣಿಗೆ ಯಾವ ಪಾಠವೂ ಹತ್ತಲಿಲ್ಲ. ಒಬ್ಬರಾದ ಮೇಲೊಬ್ಬರು ಅವಳ ಮುಖ ನೋಡಲಾಗದೆ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಬಂದರು.

ಅವ್ವ ತಮ್ಮನ ಬಗ್ಗೆ ಎರಡು ಸಲ ಕೇಳಿ ಸುಮ್ಮನಾದಳು. ನಂಬಿದಳು ಅಂದುಕೊಂಡೆ. ಉಸಿರು ಬಿಡು ಅಂದರೆ ಎಳೆದುಕೊಂಡು ಹಾಗೇ ಹಿಡಿದು ನನ್ನನ್ನೇ ದಿಟ್ಟಿಸುತ್ತಿದ್ದಳು. ಬೆರಳಿಗೆ ಸಿಕ್ಕಿಸಿದ ಯಂತ್ರದಲ್ಲಿ ನಾಡಿ ಏರಿದ್ದು ಇಳಿಯುತ್ತಿರಲಿಲ್ಲ. ಡಾಕ್ಟರು ಔಷಧಿ ಬದಲಿಸಿದರು. ಕೀವು ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ಅವಳೇ ಮಾತು ತೆಗೆದಳು. "ನನಗೇನ ಆಗ್ಯದಂತ ನಿಮಗೆಲ್ಲಾರಿಗೂ ಗೊತ್ತದ, ನನ್ನ ಮುಂದ ಯಾರೂ ಹೇಳವಲ್ರಿ. ನನ್ನ ಬಂಗಾರದ ಬಳಿ ನಿನ್ನ ಮಗಳಿಗಿ ಕೊಡು. ನನ್ನ ಮಣ್ಣು ಹೊಲದಾಗ ನಿಮ್ಮಪ್ಪನ ಬಾಜೂಕ ಮಾಡ್ರಿ."

ಆಗ ತಿಳಿಯಿತು. ಇಷ್ಟು ದಿನ ಆ ಮುಖಗಳಲ್ಲಿ ಅವಳು ತನ್ನ ಸಾವನ್ನೇ ಓದಿಕೊಂಡಿದ್ದಳು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

"ಯವ್ವಾ, ನಿನಗೇನೂ ಆಗಿಲ್ಲ," ಅಂದೆ. "ಮಾವ ತೀರಿಕೊಂಡಾನ."

ಅವಳ ಉಸಿರು ಹೊರಬಂತು. ನಾನು ಎಷ್ಟು ಹೇಳಿಕೊಟ್ಟರೂ ಬರದಿದ್ದ ಉದ್ದನೆಯ ಉಸಿರು. ಯಂತ್ರದಲ್ಲಿ ನಾಡಿ ಇಳಿಯುವುದನ್ನು ಕಣ್ಣಾರೆ ಕಂಡೆ. ಅಳು ಬಂದದ್ದು ಆಮೇಲೆ, ಬಂದದ್ದು ಸಂಜೆಯವರೆಗೂ ನಿಲ್ಲಲಿಲ್ಲ.

ನಾಲ್ಕೈದು ದಿನಕ್ಕೆ ಗಾಯ ಒಣಗತೊಡಗಿತು. ಹೊಸ ಔಷಧಿಯಿಂದಲೂ ಇರಬಹುದು, ಒಬ್ಬರ ಮೈ ನೋಡಿ ಹೇಳಲಾಗದು ಅಂದರು ಡಾಕ್ಟರು. ಅವ್ವನನ್ನು ಮಾನ್ವಿಯಲ್ಲಿರುವ ಅವಳ ಮನೆಗೆ ಕರೆದುಕೊಂಡು ಹೋದೆವು.

ಅಲ್ಲಿ ಅವಳು ನನ್ನೊಡನೆ ಹೆಚ್ಚು ಮಾತಾಡಲಿಲ್ಲ. ತಮ್ಮನ ಮಣ್ಣಿಗೆ ಹೋಗಲಾಗಲಿಲ್ಲ ಎಂಬ ಸಿಟ್ಟಿರಬೇಕು ಅಂದುಕೊಂಡು, ಒಂದು ಮಧ್ಯಾಹ್ನ ತಪ್ಪಾಯಿತು ಅಂದೆ.

"ಅವ ಸತ್ತ ಅಂದಾಗ ನನ್ನ ಜೀವ ಹಗುರಾತು. ಸತ್ತಾಂವ ಅವ, ನಾ ಅಲ್ಲ ಅಂತ," ಅಂದಳು. "ನೀ ಮೊದಲ ಹೇಳಿದ್ದರ ನಾ ಬರೇ ಅಳ್ತಿದ್ದೆ, ಹಿಂಗ ಹಗುರ ಆಗ್ತಿದ್ದಿಲ್ಲ."