ಕೆರೆ ಏರಿಯ ಮೇಲೆ ಸಿಗುವ ಸ್ಟೇಷನ್ನು

ನಮ್ಮ ಮನೆಯೊಳಗೆ ರೇಡಿಯೋ ಹಾಕಿದರೆ ಬರೀ ಗೊರಗೊರ. ಸುತ್ತ ತೆಂಗಿನ ಮರಗಳು ಒತ್ತಾಗಿ ನಿಂತಿವೆ. ಅವೇ ಮಾತನ್ನೆಲ್ಲ ಮೊದಲು ಕೇಳಿಸಿಕೊಂಡು, ಮಿಕ್ಕ ಚೂರುಪಾರು ನಮಗೆ ಕಳಿಸುತ್ತವೆ ಅಂತ ನನ್ನ ಲೆಕ್ಕ. ತುಮಕೂರಿನ ಸ್ಟೇಷನ್ನು ಸರಿಯಾಗಿ ಸಿಗಬೇಕಾದರೆ ಕಡಬದ ಕೆರೆ ಏರಿಯ ಮೇಲೆ ಹೋಗಿ ಕೂರಬೇಕು. ಅಲ್ಲಿ ನೀರಿನ ಮೇಲಿಂದ ನನ್ನ ಮೊಮ್ಮಗಳ ದನಿ ತೇಲಿಕೊಂಡು ಬರುತ್ತದೆ. ಬೆಳಗ್ಗೆ ಕೆರೆಯ ಮೇಲೆ ಇನ್ನೂ ಮಂಜು ಕೂತಿರುವಾಗ ಅವಳು, "ಎಲ್ಲರೂ ಎದ್ರಾ?" ಅಂತ ಕೇಳುತ್ತಾಳೆ. ನಾನು, "ಎದ್ದಿದೀನಿ ಕಣವ್ವ" ಅಂತ ನೀರಿಗೆ ಹೇಳುತ್ತೇನೆ.

ಅವಳು ನನ್ನ ಮಗಳ ಮಗಳು. ಮಗಳನ್ನು ಕುಣಿಗಲ್ ಕಡೆ ಕೊತ್ತಗೆರೆಗೆ ಕೊಟ್ಟಿದ್ದೆವು. ಆಮೇಲೆ ಗಂಡ ಹೆಂಡತಿ ಇಬ್ಬರಿಗೂ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ, ಶಿಫ್ಟು ಶಿಫ್ಟು ಅಂತ ಓಡಾಡುವಂತಾಯಿತು. ಮಗು ನಮ್ಮ ಮಡಿಲಿಗೆ ಬಂತು.

ನಮ್ಮ ಮನೆಯ ಅಟ್ಟದ ತುಂಬ ತೆಂಗಿನಕಾಯಿ. ವರ್ಷಗಟ್ಟಲೆ ಅಲ್ಲೇ ಒಣಗಿ ಕೊಬ್ಬರಿಯಾಗಬೇಕು. ಕಾಯಿ ಆಯಿತೋ ಇಲ್ಲವೋ ಅಂತ ತಿಳಿಯಲು ಅವಳ ತಾತ ಅಟ್ಟ ಹತ್ತಿ, ಒಂದೊಂದೇ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗಿನ ಕೊಬ್ಬರಿ ಗಿಟುಕು ಒಣಗಿ ಚಿಪ್ಪು ಬಿಟ್ಟುಕೊಂಡಿದ್ದರೆ ಲೊಡಲೊಡ ಅನ್ನುತ್ತದೆ. ಕೆಳಗೆ ಚಾಪೆಯ ಮೇಲೆ ಮಲಗಿದ್ದ ಕೂಸು ಆ ಲೊಡಲೊಡಕ್ಕೆ ಸರಿಯಾಗಿ ದನಿ ಸೇರಿಸುತ್ತಿತ್ತು. ಪದ ಇಲ್ಲ, ಅರ್ಥ ಇಲ್ಲ, ಬರೀ ದೂಬ ದಬ ದೂಬ. ಮಧ್ಯಾಹ್ನದ ಬಿಸಿಲು ಹೆಂಚಿನ ಸಂದಿಯಿಂದ ಇಳಿದು ಅದರ ಹೊಟ್ಟೆಯ ಮೇಲೆ ಕಾಸಿನಗಲ ಕೂತಿರುತ್ತಿತ್ತು. ಆ ಮಧ್ಯಾಹ್ನಗಳು ನಿಜವಾಗಿ ನಡೆದವೋ, ನಾನು ನಿದ್ದೆಯಲ್ಲಿ ಕಂಡೆನೋ, ಈಗ ಹೇಳಲಾರೆ.

ತುಮಕೂರಿನ ಕಾಲೇಜಿಗೆ ಹೋದವಳಿಗೆ ಚರ್ಚಿನಲ್ಲಿ ಪಿಯಾನೋ ನುಡಿಸುವ ಟೀಚರಮ್ಮ ಒಬ್ಬರು ಸಿಕ್ಕಿದರು. ಅವರ ಹತ್ತಿರ ಜಾಜ್ ಅನ್ನುವ ಹಾಡು ಕಲಿತಳು. ಹಾಗಂದರೇನು ಅಂತ ಕೇಳಿದೆ.

"ಹಾಡು ಅದೇ ಅಜ್ಜಿ. ಹೋಗೋ ದಾರಿ ಮಾತ್ರ ಪ್ರತಿ ಸಲ ಬೇರೆ. ಎಲ್ಲೆಲ್ಲೋ ಸುತ್ತಾಡ್ಕಂಡು ಕೊನೆಗೆ ಮನೆಗೇ ಬರ್ಬೇಕು."

"ನಿಮ್ಮ ತಾತ ಗುಬ್ಬಿ ಸಂತೆಗೆ ಹೋಗ್ಬರ್ತಿದ್ದಂಗೆ ಅನ್ನು."

ಅಟ್ಟದ ಮೇಲಿಂದ ತಾತ, "ಲೇ, ನಾನು ಒಂದಿನನಾದ್ರೂ ಮನೆಗೆ ಬರ್ದಂಗೆ ಇದ್ದಿದ್ದು ಉಂಟಾ?" ಅಂದರು. ಈಗ ಅವರಿಲ್ಲ. ಅಟ್ಟ ಇದೆ.

ಮೊಮ್ಮಗಳು ಶನಿವಾರ ಬೆಂಗಳೂರಿನ ಹೋಟೆಲುಗಳಲ್ಲಿ ಹಾಡಿ, ಭಾನುವಾರ ರೈಲಿನಲ್ಲಿ ಗುಬ್ಬಿಗೆ ಬಂದು ಇಳಿಯುತ್ತಿದ್ದಳು. ಆಮೇಲೆ ತುಮಕೂರಿನ ರೇಡಿಯೋದಲ್ಲಿ ಮಾತಾಡುವ ಕೆಲಸ ಸಿಕ್ಕಿತು. ಕೊಬ್ಬರಿ ರೇಟು, ಮಳೆ, ಹುಟ್ಟಿದ ಹಬ್ಬದ ಶುಭಾಶಯ, ಸಿನಿಮಾ ಹಾಡು. ಎಲ್ಲ ಹೇಳುತ್ತಿದ್ದಳು, ಹಾಡಲು ಮಾತ್ರ ಬಿಟ್ಟಿರಲಿಲ್ಲ. ಕೇಳೀ ಕೇಳೀ ಕೊನೆಗೆ ಅಲ್ಲಿನ ಸಾಹೇಬರು, ಕರಾವಳಿ ಕಡೆಯವರು, ಒಪ್ಪಿದರು. ಒಂದು ಭಾನುವಾರ ಸಂಜೆ ಹಾಡಲಿ. ಕೇಳಿದವರು ಫೋನ್ ಮಾಡಿ ಬೇಕು ಅಂದರೆ ಪ್ರತಿ ಭಾನುವಾರ ಆ ಹೊತ್ತು ಅವಳದು. ಬೇಡ ಅಂದರೆ ಇನ್ನು ಈ ಮಾತು ಎತ್ತುವ ಹಾಗಿಲ್ಲ.

"ನೀನು ಫೋನ್ ಮಾಡ್ಬಾರ್ದು ಅಜ್ಜಿ. ಮನೆಯೋರು ಮಾಡಿದ್ರೆ ಲೆಕ್ಕಕ್ಕಿಲ್ಲ" ಅಂದಳು. ಅನ್ನುವಾಗ ಅವಳ ಕೈ ಬೆರಳು ಸೆರಗಿನ ತುದಿಯನ್ನು ಸುತ್ತುತ್ತಿತ್ತು. ಸೆರಗು ನನ್ನದು.

ಆ ಭಾನುವಾರ ನಾನು, ನನ್ನ ಓರಗಿತ್ತಿ, ಬೀದಿಯ ಹೆಂಗಸರು ಎಲ್ಲ ಏರಿಯ ಮೇಲೆ ಕೂತೆವು. ಬಿಸಿಲು ಕೆಂಪಗೆ ನೀರಿಗಿಳಿಯುತ್ತಿತ್ತು. ಮೊದಲು ಲೊಡಲೊಡ ಅಂತ ಒಂದು ಸದ್ದು ಬಂತು. ಅದು ನಮ್ಮ ಅಟ್ಟದ ಕಾಯಿ. ಯಾವಾಗ ಚೀಲಕ್ಕೆ ಹಾಕಿಕೊಂಡು ಹೋಗಿದ್ದಳೋ. ಅದನ್ನೇ ತಾಳ ಮಾಡಿಕೊಂಡು, ಪಕ್ಕದಲ್ಲಿ ಟೀಚರಮ್ಮನ ಪಿಯಾನೋ ಮೆಲ್ಲಗೆ ನಡೆಯುತ್ತಿರಲು, ಹಾಡಿದಳು. ತಾನೇ ಕಟ್ಟಿದ ಕನ್ನಡದ ಹಾಡು, ತೋಟದ ದಾರಿಯಲ್ಲಿ ಸಂಜೆ ಮನೆಗೆ ಬರುವವರ ಮೇಲೆ. ನಡುವೆ ಪದ ಬಿಟ್ಟು ದೂಬ ದಬ ಅಂತ ಎಲ್ಲಿಗೋ ಹೋದಳು. ಕೆರೆ ದಾಟಿ, ಮರದ ತಲೆಗಳ ಮೇಲೆ ಹಾದು, ಇನ್ನು ಬರುವುದೇ ಇಲ್ಲವೇನೋ ಅನ್ನುವಷ್ಟರಲ್ಲಿ ಮೆಲ್ಲಗೆ ಹೊಸಿಲಿಗೆ ಬಂದು ನಿಂತಳು. ಕೊಕ್ಕರೆಗಳು ಕೂಡ ಕದಲಲಿಲ್ಲ ಅಂತ ನನಗೆ ನೆನಪು.

ಈಗ ಒಂದು ಮಾತು ಹೇಳಬೇಕು. ನಮ್ಮ ಕಡೆ ಬೆಳೆಯುವ ಮಕ್ಕಳನ್ನು ಬಾಯಿಬಿಟ್ಟು ಹೊಗಳುವುದಿಲ್ಲ. ಹೊಗಳಿದರೆ ದೃಷ್ಟಿಯಾಗುತ್ತದೆ. ಕೂಸು ಮುದ್ದಾಗಿದ್ದರೆ, "ಏನೋ, ಕಪ್ಪೆಮರಿ ಇದ್ದಂಗೈತೆ" ಅನ್ನುತ್ತೇವೆ. ಎಷ್ಟು ಇಷ್ಟವೋ ಅಷ್ಟು ಬೈಗುಳ.

ಫೋನುಗಳನ್ನು ಸಾಹೇಬರೇ ತೆಗೆದುಕೊಂಡರು. ಎರಡು ಕಡೆಯ ಮಾತೂ ರೇಡಿಯೋದಲ್ಲಿ ಕೇಳುತ್ತಿತ್ತು. ಮೊದಲ ಫೋನು ನನ್ನ ಪಕ್ಕದಲ್ಲೇ ಕೂತಿದ್ದ ಓರಗಿತ್ತಿಯದು. ಮಾಡಬಾರದು ಅಂದದ್ದು ಅಜ್ಜಿಗೆ, ತನಗಲ್ಲ ಅಂತ ಅವಳ ಲೆಕ್ಕ. ಕಣ್ಣು ಒರೆಸಿಕೊಳ್ಳುತ್ತಲೇ ಶುರು ಮಾಡಿದಳು.

"ಏನ್ ಸ್ವಾಮಿ ಅದು ಹಾಡು? ಕರ ಕಳ್ಕಂಡ ಹಸ ಕೂಗ್ದಂಗೆ."

"ಹೌದಾ ಅಮ್ಮ. ಆಯ್ತು."

ಎರಡನೆಯದು ಕೊತ್ತಗೆರೆಯಿಂದ. ದನಿ ಕೇಳಿದ ಕೂಡಲೇ ಗೊತ್ತಾಯಿತು, ನಮ್ಮ ಬೀಗಿತ್ತಿ, ಹುಡುಗಿಯ ಅಪ್ಪನ ತಾಯಿ. "ಆ ಹುಡ್ಗಿ ಗಂಟ್ಲಾಗೆ ಏನಾದ್ರೂ ಸಿಕ್ಕಾಕಂಡೈತಾ? ಪದನೇ ಮರ್ತೋದಂಗಿತ್ತು."

ಗುಬ್ಬಿಯಿಂದ ಒಬ್ಬಾಕೆ, "ಕಾಯಿ ಅಲ್ಲಾಡ್ಸಾಕೆ ರೇಡಿಯೋ ಬೇಕಾ, ನಮ್ಮನೇಲೂ ಅವೆ" ಅಂದಳು. ನಮ್ಮ ಹೆಂಗಸರೆಲ್ಲ ಹಿಗ್ಗಿ ಒಬ್ಬರ ತೊಡೆ ಒಬ್ಬರು ತಟ್ಟಿಕೊಂಡರು.

ಸಾಹೇಬರ ದನಿ ಮಾತ್ರ ತಗ್ಗುತ್ತಾ ಬಂತು. "ಎಲ್ಲರೂ ಬೈತಿದ್ದಾರಲ್ಲ ಮಾರಾಯ್ರೆ. ಸರಿ, ನಾವು ಪ್ರಯತ್ನ ಮಾಡಿದೆವು."

ಅವರು ಕಡಲ ಕಡೆಯವರು, ನಮ್ಮ ಬಾಯಿ ಅವರಿಗೆ ಹೇಗೆ ಗೊತ್ತಾಗಬೇಕು? ಹುಡುಗಿ ತನ್ನ ಪರ ತಾನೇ ಹೇಗೆ ಹೇಳಿಕೊಂಡಾಳು? ಅಜ್ಜಿ ಫೋನ್ ಮಾಡಬಾರದು ಅಂತ ಆಣೆ ಬೇರೆ. ಓರಗಿತ್ತಿಯ ಕೈಯಿಂದ ಫೋನು ಕಿತ್ತುಕೊಂಡು ನಾನೇ ಮಾಡಿದೆ.

"ಸ್ವಾಮಿ, ನಾನು ಆ ಹುಡ್ಗಿ ಅಜ್ಜಿ. ನನ್ ಫೋನ್ ಲೆಕ್ಕಕ್ಕೆ ತಗೋಬ್ಯಾಡಿ. ಒಂದೇ ಮಾತು. ನಮ್ ಕಡೆ ಬ್ಯಾಡ್ದಿದ್ರೆ ಯಾರೂ ಬೈಯಲ್ಲ, ಸುಮ್ಕೆ ಎದ್ದೋಯ್ತಾರೆ. ಬೈಯೋರ್ನ ಕೇಳಿ ನೋಡಿ, ಇನ್ನೊಂದ್ಸಲ ಹಾಡಿಸ್ಬೇಕಾ ಅಂತ."

"ನಿಮಗೆ ಹೇಗನಿಸಿತು ಅಜ್ಜಿ?" ಅಂದರು ಸಾಹೇಬರು.

ಬಾಯಿಯವರೆಗೆ ಬಂದದ್ದನ್ನು ನುಂಗಿದೆ. "ಏನೋ, ಪರವಾಗಿಲ್ಲ ಬುಡಿ" ಅಂದೆ. ರೇಡಿಯೋದೊಳಗೆ ಎಲ್ಲೋ ಹಿಂದೆ ಮೊಮ್ಮಗಳು ಕಿಸಕ್ಕನೆ ನಕ್ಕಿದ್ದು ಕೇಳಿಸಿತು.

ಮುಂದಿನ ಫೋನು ಕುಣಿಗಲ್ಲಿನದು. "ಏನದು, ಬೆಕ್ಕು ಅಂಬಲಿ ಕುಡ್ದಂಗೆ" ಅಂದಳು ಆಕೆ.

"ಮತ್ತೊಮ್ಮೆ ಹಾಡಿಸಬೇಕಾ ಅಮ್ಮ?"

"ಹಾಡಿಸ್ದೆ ಮತ್ತೆ? ಪಾತ್ರೆ ಹಂಗೇ ಬಿಟ್ಟು ಕುಂತಿದೀನಿ."

ಆ ಸಂಜೆಯೇ ಇನ್ನೊಂದು ಸಲ ಹಾಡಿದಳು. ಅದೇ ಹಾಡು, ಬೇರೆ ದಾರಿ. ಈಗ ಭಾನುವಾರದ ಸಂಜೆ ಅವಳದೇ. ಫೋನುಗಳೂ ಹಾಗೇ ಬರುತ್ತವೆ. ಯಾರಾದರೂ ಜೋರಾಗಿ ಬೈದರೆ ಸಾಹೇಬರು, "ತುಂಬಾ ಸಂತೋಷ ಅಮ್ಮ" ಅನ್ನುತ್ತಾರಂತೆ.

ಅವತ್ತು ಮನೆಗೆ ಬಂದವಳೇ ರೇಡಿಯೋವನ್ನು ಮಣೆಯ ಮೇಲೆ ಕೂರಿಸಿ, ವಿಭೂತಿ ಇಟ್ಟು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಘಾಟೇ ಬರಲಿಲ್ಲ. ಘಾಟು ಬರಲಿಲ್ಲ ಅಂದರೆ ಅಷ್ಟು ದೃಷ್ಟಿಯಾಗಿತ್ತು ಅಂತ. ಅಷ್ಟು ಜನ ಒಳಗೊಳಗೇ ಹೊಗಳಿದ್ದರು.

ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟ ಕೈ ಇದು, ಇಷ್ಟು ಬರೆಯಲು ದಿನಗಳೇ ಹಿಡಿದವು. ಬಾಯಲ್ಲಿ ಆಡಲಾಗದ್ದನ್ನು ಇಲ್ಲಿ ಬರೆದುಬಿಡುತ್ತೇನೆ. ನನ್ನ ಮೊಮ್ಮಗಳು ಬಹಳ ಚೆನ್ನಾಗಿ ಹಾಡುತ್ತಾಳೆ. ಉಪ್ಪು ಮೆಣಸಿನಕಾಯಿ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ, ಒಲೆ ಉರಿಯುತ್ತಿದೆ.